ಸುಂಕದ ಬೇಲಿಯೊಳಗೆ ಚಿಪ್ ಬೆಳೆದೀತೆ?



ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬುದು ಕನ್ನಡದ ಹಳೆಯ ಗಾದೆ. ಸುಂಕದ ಕಟ್ಟೆಯಲ್ಲಿ ಕುಳಿತವನ ಕಣ್ಣಿಗೆ ಬೀಳುವುದು ಗಾಡಿಯಲ್ಲಿರುವ ಸರಕು ಮಾತ್ರ. ಆ ಸರಕನ್ನು ಯಾರು ಮಾಡಿದರು, ಎಷ್ಟು ಕಾಲ ಪಳಗಿ ಮಾಡಿದರು ಎಂಬುದು ಅವನ ಲೆಕ್ಕದ ಪುಸ್ತಕಕ್ಕೆ ಸೇರದ ಸಂಗತಿ. ಹೆಬ್ಬೆರಳಿನ ಉಗುರಿನಷ್ಟಿರುವ ಸಿಲಿಕಾನ್ ತುಣುಕಿನ ಮೇಲೆ, ಅಂದರೆ ಚಿಪ್ ಮೇಲೆ ನಡೆದಿರುವ ಜಗಳವನ್ನು ಅರ್ಥಮಾಡಿಕೊಳ್ಳಲು ಈ ಗಾದೆಯಿಂದಲೇ ಹೊರಡಬಹುದು.

2025ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಘೋಷಣೆ ಮಾಡಿದರು. ಹೊರದೇಶಗಳಿಂದ ಬರುವ ಚಿಪ್‌ಗಳಿಗೆ ಶೇಕಡಾ 100ರಷ್ಟು ಸುಂಕ ಹಾಕುವುದಾಗಿಯೂ, ಅಮೆರಿಕದ ನೆಲದಲ್ಲಿ ಕಾರ್ಖಾನೆ ಕಟ್ಟುವ ಕಂಪನಿಗಳಿಗೆ ವಿನಾಯಿತಿ ಕೊಡುವುದಾಗಿಯೂ ಹೇಳಿದರು. ಅಮೆರಿಕದಲ್ಲಿ ಹುಟ್ಟಿದ ಉದ್ಯಮ ಅಮೆರಿಕಕ್ಕೇ ಮರಳಬೇಕು ಎಂಬುದು ಅದರ ಉದ್ದೇಶ. ಸುಂಕದಿಂದ ಅದು ಸಾಧ್ಯವೇ? ಈ ಪ್ರಶ್ನೆಗೆ ಬರೀ ಊಹೆಯ ಉತ್ತರ ಬೇಕಾಗಿಲ್ಲ. ಇಂಥದೇ ಪ್ರಯೋಗವನ್ನು ಅಮೆರಿಕ 1987ರಲ್ಲಿ ಒಮ್ಮೆ ಮಾಡಿ ನೋಡಿದೆ.

ತವರು ಬಿಟ್ಟ ಕಸುಬು

ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರಲ್ಲಿ, ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ. ಹಲವು ಭಾಗಗಳನ್ನು ಒಂದೇ ತುಣುಕಿನಲ್ಲಿ ಮೂಡಿಸಬಹುದೆಂದು 1958ರಲ್ಲಿ ತೋರಿಸಿದವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಜಾಕ್ ಕಿಲ್ಬಿ. ಮರುವರ್ಷ ಕ್ಯಾಲಿಫೋರ್ನಿಯದ ಫೇರ್‌ಚೈಲ್ಡ್ ಕಂಪನಿಯಲ್ಲಿ ರಾಬರ್ಟ್ ನಾಯ್ಸ್ ಅದಕ್ಕೆ ಕಾರ್ಖಾನೆಗೆ ಒಗ್ಗುವ ರೂಪ ಕೊಟ್ಟರು. ಮೊದಲ ಗಿರಾಕಿಗಳು ಅಮೆರಿಕದ ಸೇನೆ ಮತ್ತು ಬಾಹ್ಯಾಕಾಶ ಯೋಜನೆಗಳು. ಬುದ್ಧಿ, ಬಂಡವಾಳ, ಮಾರುಕಟ್ಟೆ ಎಲ್ಲವೂ ಅಮೆರಿಕದ್ದೇ.

ಈ ಕಸುಬನ್ನು ಮನೆಯಿಂದ ಆಚೆ ಕಳುಹಿಸಿದವರೂ ಅಮೆರಿಕದವರೇ ಎಂಬುದನ್ನು ಗಮನಿಸಬೇಕು. ಚಿಪ್‌ಗಳನ್ನು ಕತ್ತರಿಸಿ, ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ತಂತಿ ಬೆಸೆದು, ಕವಚ ತೊಡಿಸುವುದು ಆಗ ಕೈಕೆಲಸವಾಗಿತ್ತು. ಕಡಿಮೆ ಕೂಲಿಗೆ ಆ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಫೇರ್‌ಚೈಲ್ಡ್ 1960ರ ದಶಕದ ಆರಂಭದಲ್ಲೇ ಹಾಂಗ್‌ಕಾಂಗ್‌ಗೆ ಹೋಯಿತು. 1972ರಲ್ಲಿ ಇಂಟೆಲ್ ಮಲೇಷ್ಯಾದ ಪೆನಾಂಗ್‌ನಲ್ಲಿ ಜೋಡಣೆ ಘಟಕ ತೆರೆಯಿತು. ತಲೆ ಇಲ್ಲಿರಲಿ, ಕೈ ಅಲ್ಲಿರಲಿ ಎಂಬುದು ಆಗಿನ ಲೆಕ್ಕಾಚಾರ. ಆದರೆ ಕೈ ಕಲಿತದ್ದು ತಲೆಗೆ ಏರಲು ಬಹಳ ಕಾಲ ಬೇಕಾಗುವುದಿಲ್ಲ.

ಅದನ್ನು ಮೊದಲು ತೋರಿಸಿಕೊಟ್ಟದ್ದು ಜಪಾನ್. ಅಲ್ಲಿನ ಸರ್ಕಾರ ಮತ್ತು ದೊಡ್ಡ ಕಂಪನಿಗಳು 1976ರಿಂದ ನಾಲ್ಕು ವರ್ಷ ಒಟ್ಟಾಗಿ ಸಂಶೋಧನೆ ನಡೆಸಿದವು. ಜಪಾನಿನ ಮೆಮೊರಿ ಚಿಪ್‌ಗಳಿಗಿಂತ ಅಮೆರಿಕದವು ಹಲವು ಪಟ್ಟು ಹೆಚ್ಚು ಕೆಡುತ್ತವೆ ಎಂದು 1980ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ತನ್ನ ಪರೀಕ್ಷೆಯ ಫಲವನ್ನು ಬಹಿರಂಗವಾಗಿ ಹೇಳಿದಾಗ ಅಮೆರಿಕದ ಉದ್ಯಮ ಬೆಚ್ಚಿಬಿತ್ತು. 1985ರಲ್ಲಿ ಇಂಟೆಲ್ ಮೆಮೊರಿ ಚಿಪ್ ವ್ಯಾಪಾರವನ್ನೇ ಕೈಬಿಟ್ಟಿತು. ಮರುವರ್ಷದ ಹೊತ್ತಿಗೆ ಚಿಪ್ ಮಾರಾಟದಲ್ಲಿ ಜಪಾನ್ ಅಮೆರಿಕವನ್ನು ಹಿಂದೆ ಹಾಕಿತ್ತು.

1987ರ ಸುಂಕ

1986ರ ಸೆಪ್ಟೆಂಬರ್‌ನಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು. ಜಪಾನ್ ತೀರಾ ಅಗ್ಗವಾಗಿ ಚಿಪ್ ಮಾರಬಾರದು, ತನ್ನ ಮಾರುಕಟ್ಟೆಯಲ್ಲಿ ಹೊರಗಿನವರಿಗೂ ಜಾಗ ಬಿಡಬೇಕು ಎಂಬುದು ಅದರ ತಿರುಳು. ಜಪಾನ್ ಮಾತು ತಪ್ಪಿತೆಂದು ಆರೋಪಿಸಿ ಅಧ್ಯಕ್ಷ ರೊನಾಲ್ಡ್ ರೇಗನ್ 1987ರ ಏಪ್ರಿಲ್‌ನಲ್ಲಿ ಸುಮಾರು 30 ಕೋಟಿ ಡಾಲರ್ ಬೆಲೆಯ ಜಪಾನಿ ಸರಕಿನ ಮೇಲೆ ಶೇಕಡಾ 100ರ ಸುಂಕ ಹೇರಿದರು.

ಯಾವ ಸರಕಿನ ಮೇಲೆ? ಟೆಲಿವಿಷನ್, ಕಂಪ್ಯೂಟರ್, ವಿದ್ಯುತ್ತಿನಿಂದ ನಡೆಯುವ ಕೈ ಉಪಕರಣ. ಜಗಳಕ್ಕೆ ಕಾರಣವಾದ ಚಿಪ್‌ನ ಮೇಲೆ ಮಾತ್ರ ಸುಂಕ ಬೀಳಲಿಲ್ಲ. ಬಿದ್ದಿದ್ದರೆ ಪೆಟ್ಟು ತಾಗುತ್ತಿದ್ದುದು ಆ ಚಿಪ್ ಕೊಂಡು ಕಂಪ್ಯೂಟರ್ ಮಾಡುವ ಅಮೆರಿಕದ ಕಾರ್ಖಾನೆಗಳಿಗೆ. ಚಿಪ್ ಎಂಬುದು ಯಾರೂ ನೇರವಾಗಿ ಕೊಂಡು ಮನೆಗೆ ಒಯ್ಯುವ ವಸ್ತುವಲ್ಲ. ಅದು ಇನ್ನೊಂದು ವಸ್ತುವಿನ ಹೊಟ್ಟೆಯಲ್ಲಿ ಕುಳಿತು ಪ್ರಯಾಣ ಮಾಡುತ್ತದೆ. ಬಿಡಿ ಚಿಪ್‌ಗೆ ಸುಂಕ ಹಾಕಿ ಚಿಪ್ ತುಂಬಿದ ಯಂತ್ರವನ್ನು ಸುಮ್ಮನೆ ಬಿಟ್ಟರೆ, ಸ್ವದೇಶದಲ್ಲಿ ಯಂತ್ರ ಮಾಡುವವನೇ ಸೋಲುತ್ತಾನೆ. ಈ ತೊಡಕು ಅಂದೂ ಇತ್ತು, ಇಂದೂ ಇದೆ.

ಫಲವೇನಾಯಿತು? ಒಪ್ಪಂದದ ನಂತರ ಮೆಮೊರಿ ಚಿಪ್‌ಗಳ ಬೆಲೆ ಏರಿತು. 1988ರಲ್ಲಿ ಅಮೆರಿಕದ ಕಂಪ್ಯೂಟರ್ ತಯಾರಕರು ಚಿಪ್ ಸಿಗದೆ ಪರದಾಡಿದರು. ಏರಿದ ಬೆಲೆಯಿಂದ ಜಪಾನಿ ಕಂಪನಿಗಳಿಗೆ ಲಾಭವೇ ಆಯಿತು. 1983ರಲ್ಲಷ್ಟೇ ಈ ವ್ಯಾಪಾರಕ್ಕೆ ಇಳಿದಿದ್ದ ಕೊರಿಯಾದ ಸ್ಯಾಮ್‌ಸಂಗ್‌ಗೆ ಅದು ಬಯಸದೇ ಬಂದ ಭಾಗ್ಯವಾಯಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಸ್ಯಾಮ್‌ಸಂಗ್ ಮೆಮೊರಿ ಚಿಪ್‌ನಲ್ಲಿ ಜಗತ್ತಿಗೇ ಮೊದಲಿನದಾಯಿತು. ಬೇಲಿ ಕಟ್ಟಿದ್ದು ಒಂದು ಹೊಲಕ್ಕೆ, ಫಸಲು ಬಂದದ್ದು ಪಕ್ಕದ ಹೊಲದಲ್ಲಿ.

1990ರ ದಶಕದಲ್ಲಿ ಅಮೆರಿಕ ಮತ್ತೆ ಮುಂದೆ ಬಂದದ್ದು ನಿಜ. ಆದರೆ ಬಂದದ್ದು ಮೆಮೊರಿ ಚಿಪ್‌ನಿಂದಲ್ಲ. ಗಣಕದ ಮಿದುಳಾದ ಮೈಕ್ರೊಪ್ರೊಸೆಸರ್‌ನಿಂದ. ಅದೇ 1987ರಲ್ಲಿ 14 ಕಂಪನಿಗಳು ಸೇರಿ ಸೆಮಾಟೆಕ್ ಎಂಬ ಸಂಸ್ಥೆ ಕಟ್ಟಿದವು. ಸರ್ಕಾರ ವರ್ಷಕ್ಕೆ 10 ಕೋಟಿ ಡಾಲರ್ ಕೊಟ್ಟಿತು. ರಾಬರ್ಟ್ ನಾಯ್ಸ್ ಅದರ ಮುಖ್ಯಸ್ಥರಾದರು. ಚಿಪ್ ಮಾಡುವ ಯಂತ್ರಗಳನ್ನು ತಯಾರಿಸುವವರ ಬೆನ್ನಿಗೆ ಈ ಸಂಸ್ಥೆ ನಿಂತಿತು. ಸುಂಕದಷ್ಟು ಸದ್ದು ಮಾಡದ ಈ ಕೆಲಸವನ್ನು ಉದ್ಯಮದವರು ಇಂದಿಗೂ ನೆನೆಯುತ್ತಾರೆ.

ಅದೇ ವರ್ಷ, ಇನ್ನೊಂದು ಊರು

1987ರಲ್ಲಿ ಎಲ್ಲರ ಕಣ್ಣು ಜಪಾನಿನ ಮೇಲಿದ್ದಾಗ ತೈವಾನಿನ ಶಿಂಚು ಎಂಬ ಊರಿನಲ್ಲಿ ಹೊಸ ಕಂಪನಿಯೊಂದು ಆರಂಭವಾಯಿತು. ಅದರ ಸ್ಥಾಪಕ ಮೋರಿಸ್ ಚಾಂಗ್. ಚೀನಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ 25 ವರ್ಷ ದುಡಿದವರು. 1985ರಲ್ಲಿ ತೈವಾನ್ ಸರ್ಕಾರ ಅವರನ್ನು ಕರೆಸಿಕೊಂಡಿತು. ಹೊಸ ಕಂಪನಿಯ ಬಂಡವಾಳದಲ್ಲಿ ಅರ್ಧಕ್ಕೆ ಹತ್ತಿರ ಹತ್ತಿರ ಸರ್ಕಾರದ್ದು. ಕಾಲು ಭಾಗಕ್ಕಿಂತ ಹೆಚ್ಚು ಹಾಲೆಂಡಿನ ಫಿಲಿಪ್ಸ್‌ನದು.

ಟಿಎಸ್‌ಎಂಸಿ ಎಂಬ ಆ ಕಂಪನಿಯ ನಿಯಮ ಸರಳ. ತನ್ನ ಹೆಸರಿನಲ್ಲಿ ಒಂದು ಚಿಪ್ಪನ್ನೂ ಮಾರುವುದಿಲ್ಲ. ಯಾರು ನಕ್ಷೆ ತಂದರೂ ಮಾಡಿಕೊಡುತ್ತದೆ. ಬಟ್ಟೆ ಗಿರಾಕಿಯದು, ಹೊಲಿಗೆ ದರ್ಜಿಯದು ಎಂಬಂಥ ಏರ್ಪಾಡು. ಇದರಿಂದ ಕಾರ್ಖಾನೆ ಕಟ್ಟಲು ಹಣವಿಲ್ಲದವರೂ ಚಿಪ್ ಕಂಪನಿ ತೆರೆಯುವಂತಾಯಿತು. ಅಂಥವರಲ್ಲಿ ಹೆಚ್ಚಿನವರು ಅಮೆರಿಕದವರೇ. ಜಗತ್ತಿನ ಚಿಪ್ ತಯಾರಿಕೆಯ ಸಾಮರ್ಥ್ಯದಲ್ಲಿ 1990ರಲ್ಲಿ ಶೇಕಡಾ 37ರಷ್ಟಿದ್ದ ಅಮೆರಿಕದ ಪಾಲು 2020ರ ಹೊತ್ತಿಗೆ ಶೇಕಡಾ 12ಕ್ಕೆ ಇಳಿದದ್ದಕ್ಕೆ ಇದೂ ಒಂದು ಕಾರಣ. ಅತ್ಯಂತ ಮುಂದುವರಿದ ಚಿಪ್‌ಗಳ ಬಹುಪಾಲು ತಯಾರಿಕೆ ತೈವಾನಿಗೆ ಸೇರಿತು. ಆ ದ್ವೀಪ ತನ್ನದೆಂದು ಚೀನಾ ಹೇಳುತ್ತಿದೆ. ಕೋವಿಡ್ ಕಾಲದ ಏರುಪೇರಿನಿಂದ 2021ರಲ್ಲಿ ಚಿಪ್ ಸಿಗದೆ ಅಮೆರಿಕದ ಮೋಟಾರು ಕಾರ್ಖಾನೆಗಳು ಬಾಗಿಲು ಹಾಕಬೇಕಾಯಿತು. ಅಮೆರಿಕದ ಆತಂಕಕ್ಕೆ ಆಧಾರವಿಲ್ಲವೆಂದು ಯಾರೂ ಹೇಳಲಾರರು.

ಪಳಗಿದ ಕೈ

ಹಾಗಾದರೆ ಕಾರ್ಖಾನೆ ಮರಳಿ ತರುವುದು ಅಷ್ಟು ಕಷ್ಟವೇಕೆ? ಒಂದು ಸಣ್ಣ ಲೆಕ್ಕ ನೋಡಬೇಕು. ಒಂದು ಸಿಲಿಕಾನ್ ಬಿಲ್ಲೆ ಚಿಪ್ ಆಗುವ ಮೊದಲು ನೂರಾರು ಹಂತ ದಾಟಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. 500 ಹಂತಗಳಿವೆ ಎಂದುಕೊಳ್ಳೋಣ. ಪ್ರತಿ ಹಂತದಲ್ಲೂ ನೂರಕ್ಕೆ 99ರಷ್ಟು ಸರಿಯಾಗಿ ಮಾಡಿದರೂ ಕೊನೆಗೆ ನೂರರಲ್ಲಿ ಒಂದು ಚಿಪ್ ಕೂಡ ನೆಟ್ಟಗೆ ಉಳಿಯುವುದಿಲ್ಲ. ಪ್ರತಿ ಹಂತದಲ್ಲೂ ಹತ್ತು ಸಾವಿರಕ್ಕೆ ಒಂದೇ ತಪ್ಪಾದರೆ ಮಾತ್ರ ನೂರರಲ್ಲಿ 95 ಉಳಿಯುತ್ತವೆ. ಯಂತ್ರ ಎರಡೂ ಕಡೆ ಒಂದೇ ಇರಬಹುದು. ಅತಿ ಸೂಕ್ಷ್ಮ ಗೆರೆ ಮೂಡಿಸುವ ಯಂತ್ರವನ್ನು ಜಗತ್ತಿಗೆಲ್ಲ ಹಾಲೆಂಡಿನ ಎಎಸ್‌ಎಂಎಲ್ ಕಂಪನಿಯೊಂದೇ ಮಾಡುತ್ತದೆ; ಹಣವಿದ್ದರೆ ಅಮೆರಿಕದಲ್ಲೂ ಕೊಳ್ಳಬಹುದು. ನೂರಕ್ಕೆ ಒಂದು ತಪ್ಪಿನಿಂದ ಹತ್ತು ಸಾವಿರಕ್ಕೆ ಒಂದು ತಪ್ಪಿನವರೆಗಿನ ದಾರಿಯನ್ನು ಮಾತ್ರ ಕೊಳ್ಳಲಾಗದು. ಅದು ಪಳಗಿದ ಕೈಗಳಲ್ಲಿ ಇರುತ್ತದೆ.

ಅರಿಜೋನಾದಲ್ಲಿ ಕಂಡದ್ದು ಇದನ್ನೇ. ಅಲ್ಲಿನ ಫೀನಿಕ್ಸ್ ನಗರದ ಬಳಿ ಕಾರ್ಖಾನೆ ಕಟ್ಟುವುದಾಗಿ ಟಿಎಸ್‌ಎಂಸಿ 2020ರಲ್ಲಿ ಪ್ರಕಟಿಸಿತು. 2022ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿ, ಚಿಪ್ ಕಾರ್ಖಾನೆಗಳ ನೆರವಿಗೆಂದು 3,900 ಕೋಟಿ ಡಾಲರ್ ತೆಗೆದಿರಿಸಿತು. ಆದರೂ 2023ರಲ್ಲಿ ನುರಿತ ಕೆಲಸಗಾರರು ಸಾಲದೆಂದು ಕೆಲಸ ಹಿಂದೆ ಬಿತ್ತು. ತೈವಾನಿನಿಂದ ಜನರನ್ನು ಕರೆಸಿದಾಗ ಸ್ಥಳೀಯ ಕಾರ್ಮಿಕ ಸಂಘಟನೆಗಳು ಆಕ್ಷೇಪಿಸಿದವು. ನೂರಾರು ಅಮೆರಿಕನ್ ಎಂಜಿನಿಯರುಗಳು ತೈವಾನಿಗೆ ಹೋಗಿ ಕಲಿತು ಬಂದರು. ಅರ್ಧ ಶತಮಾನದ ಹಿಂದೆ ಕಲಿಸಲು ಹೋದವರ ದೇಶದಿಂದ ಈಗ ಕಲಿಯಲು ಹೋಗಬೇಕಾಯಿತು. ಕೊನೆಗೆ 2024ರ ಅಂತ್ಯದಲ್ಲಿ ತಯಾರಿಕೆ ಆರಂಭವಾಯಿತು. ಆದರೆ ಅಲ್ಲಿ ಮೊದಮೊದಲು ತಯಾರಾದ ಮುಂದುವರಿದ ಚಿಪ್‌ಗಳು ಕವಚ ತೊಡಲು ಮತ್ತೆ ತೈವಾನಿಗೇ ಹೋಗಬೇಕಿತ್ತು.

ಹಾಗೆಂದು ಸುಂಕ ನಿಷ್ಪ್ರಯೋಜಕವೆನ್ನಲಾಗದು. ಸುಂಕದ ಮಾತು ಜೋರಾಗಿದ್ದ 2025ರ ಮಾರ್ಚ್‌ನಲ್ಲಿ ಟಿಎಸ್‌ಎಂಸಿ ತನ್ನ ಅರಿಜೋನಾ ಹೂಡಿಕೆಯನ್ನು 16,500 ಕೋಟಿ ಡಾಲರಿಗೆ ಏರಿಸುವುದಾಗಿ ಹೇಳಿತು. ಹೆದರಿಕೆಗೂ ಒಂದು ಬಲವುಂಟು. ಆದರೆ ಸುಂಕವನ್ನು ಒಂದು ಸಹಿಯಿಂದ ಹಾಕಬಹುದು, ಇನ್ನೊಂದು ಸಹಿಯಿಂದ ತೆಗೆಯಬಹುದು. ಚಿಪ್ ಕಾರ್ಖಾನೆಯನ್ನು ಕಟ್ಟಿ ಪಳಗಿಸಲು ಐದಾರು ವರ್ಷ ಬೇಕು. ಹಾಕಿದ ಹಣ ಮರಳಲು ಇನ್ನಷ್ಟು ವರ್ಷ. ಓಹಿಯೊದಲ್ಲಿ ಇಂಟೆಲ್ 2022ರಲ್ಲಿ ಪ್ರಕಟಿಸಿದ ಕಾರ್ಖಾನೆ 2025ಕ್ಕೆ ಸಿದ್ಧವಾಗಬೇಕಿತ್ತು. ಆ ವರ್ಷ ಬಂದಾಗ ಗಡುವು 2030ರ ಆಚೆಗೆ ಹೋಯಿತು. ಅದೂ ಅಮೆರಿಕದ್ದೇ ಕಂಪನಿ.

ನಮ್ಮ ಮನೆಯ ಲೆಕ್ಕ

ಈ ಪಾಠ ನಮಗೂ ಹೊರಗಿನದಲ್ಲ. 1960ರ ದಶಕದ ಆರಂಭದಲ್ಲೇ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಟ್ರಾನ್ಸಿಸ್ಟರ್ ತಯಾರಿಸುತ್ತಿತ್ತು. ಆಗ ಆಮದಿಗೆ ಎತ್ತರದ ಸುಂಕದ ಗೋಡೆಯಿತ್ತು. ಗೋಡೆ ದಶಕಗಳ ಕಾಲ ನಿಂತರೂ ಅದರೊಳಗೆ ಚಿಪ್ ಉದ್ಯಮ ಬೆಳೆಯಲಿಲ್ಲ. 1980ರ ದಶಕದಲ್ಲಿ ಮೊಹಾಲಿಯಲ್ಲಿ ಸರ್ಕಾರ ಕಟ್ಟಿದ ಚಿಪ್ ಕಾರ್ಖಾನೆ 1989ರ ಬೆಂಕಿಯಲ್ಲಿ ಬೆಂದಿತು. ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಸರಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿ ಚಿಪ್ ಮೇಲಿನ ಸುಂಕವನ್ನು ಕ್ರಮೇಣ ಸೊನ್ನೆಗೆ ಇಳಿಸಿತು. ಆಗಲೂ ಕಾರ್ಖಾನೆ ಬರಲಿಲ್ಲ. ಬೇಲಿ ಇದ್ದಾಗಲೂ ಬೆಳೆಯಿಲ್ಲ, ಇಲ್ಲದಾಗಲೂ ಬೆಳೆಯಿಲ್ಲ.

ಬೆಳೆದದ್ದು ಬೇರೆಯೇ. ಚಾಂಗ್ ತೈವಾನಿಗೆ ಹೋದ 1985ರಲ್ಲೇ, ಅವರು ಹಿಂದೆ ದುಡಿದಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಇಲ್ಲಿನ ಕೆಲಸ ಉಪಗ್ರಹದ ಮೂಲಕ ಅಮೆರಿಕ ತಲುಪುತ್ತಿತ್ತು. ನಲವತ್ತು ವರ್ಷಗಳಲ್ಲಿ ಶಿಂಚು ಜಗತ್ತಿನ ಚಿಪ್ ಕಾರ್ಖಾನೆಯಾಯಿತು; ಬೆಂಗಳೂರು ಚಿಪ್ ವಿನ್ಯಾಸದ ದೊಡ್ಡ ಊರುಗಳಲ್ಲಿ ಒಂದಾಯಿತು. ಎರಡೂ ಕಡೆ ಬೆಳೆದದ್ದು ಜನರ ಕೈಯಲ್ಲಿನ ಕಸುಬು, ಕೆಲಸ ಮಾಡುತ್ತ ಮಾಡುತ್ತ.

ಈಗ ಗುಜರಾತಿನ ಸಾನಂದ್ ಮತ್ತು ಧೊಲೇರಾಗಳಲ್ಲಿ ಹೊಸ ಕೆಲಸ ಆರಂಭವಾಗಿದೆ. ಧೊಲೇರಾ ಯೋಜನೆಯೊಂದಕ್ಕೇ 91,000 ಕೋಟಿ ರೂಪಾಯಿ. ಅಲ್ಲಿ ತಂತ್ರಜ್ಞಾನ ಕೊಡುತ್ತಿರುವುದು ತೈವಾನಿನ ಪವರ್‌ಚಿಪ್ ಕಂಪನಿ. ಆ ಕಾರ್ಖಾನೆಗಳ ಗೆಲುವನ್ನು ಉದ್ಘಾಟನೆಯ ದಿನವೋ ಸುಂಕದ ದರವೋ ನಿರ್ಧರಿಸಲಾರದು. ಹತ್ತು ಸಾವಿರಕ್ಕೆ ಒಂದು ತಪ್ಪಿನ ಮಟ್ಟಕ್ಕೆ ಬರುವವರೆಗೆ ನಷ್ಟ ತಡೆದುಕೊಂಡು ಕೆಲಸಗಾರರನ್ನು ಉಳಿಸಿಕೊಳ್ಳುವ ತಾಳ್ಮೆ ಯಾರಿಗಿದೆಯೋ ಅವರು ಗೆಲ್ಲುತ್ತಾರೆ. ಶಿಂಚುವಿನಲ್ಲಿ ಆ ತಾಳ್ಮೆ ಇತ್ತು. ಅರಿಜೋನಾದಲ್ಲಿ ಈಗ ಅದರ ಪರೀಕ್ಷೆ ನಡೆದಿದೆ. ಧೊಲೇರಾದ ಸರದಿ ಮುಂದಿದೆ.