ಅನ್‌ಲಿಮಿಟೆಡ್ ಅಂದ್ರೆ ಎಷ್ಟು ಸ್ವಾಮಿ?

ಹೋಟೆಲಿಗೆ ಹೋಗ್ತೀರಿ. ಹೊರಗಡೆ ಬೋರ್ಡ್ ಇದೆ, ಅನ್‌ಲಿಮಿಟೆಡ್ ಊಟ. ಎರಡನೇ ಸಲ ಅನ್ನ ಕೇಳಿದ ತಕ್ಷಣ ಮಾಲೀಕರು ಬಂದು, "ನಿಮ್ಮ ಲಿಮಿಟ್ ಮುಗೀತು, ಇನ್ಮೇಲೆ ಗಂಟೆಗೊಂದು ಅಗುಳು" ಅಂದ್ರೆ ಸುಮ್ಮನಿರ್ತೀರಾ? ಮನೆ ಇಂಟರ್‌ನೆಟ್ ವಿಷಯದಲ್ಲಿ ನಾವೆಲ್ಲ ಸುಮ್ಮನಿದ್ದೇವೆ.

ಕಂಪನಿಗಳು ಇದಕ್ಕಿಟ್ಟಿರೋ ಹೆಸರು ಫೇರ್ ಯೂಸೇಜ್ ಪಾಲಿಸಿ. ಅಂದ್ರೆ ನ್ಯಾಯಯುತ ಬಳಕೆ. ಯಾರಿಗೆ ನ್ಯಾಯ? ಒಂದು ಸಣ್ಣ ಲೆಕ್ಕ ಮಾಡೋಣ. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗಲಿ. ದೊಡ್ಡ ಕಂಪನಿಗಳ ಎಷ್ಟೋ ಅನ್‌ಲಿಮಿಟೆಡ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಅಂತ ಮಿತಿ ಇದೆ. ನೀವು ತಗೊಂಡಿರೋದು 100 ಎಂಬಿಪಿಎಸ್ ವೇಗದ ಲೈನ್. ಆ ವೇಗವನ್ನ ಪೂರ್ತಿ ಬಳಸಿದ್ರೆ 3300 ಜಿಬಿ ಎಷ್ಟು ದಿನ ಬರುತ್ತೆ ಗೊತ್ತಾ? 73 ಗಂಟೆ. ಮೂರು ದಿನ ಚಿಲ್ಲರೆ. ದುಡ್ಡು ಕೊಟ್ಟಿರೋದು ಮೂವತ್ತು ದಿನಕ್ಕೆ!

ಅಷ್ಟು ಯಾರು ಬಳಸ್ತಾರೆ ಅಂತ ಕೇಳಬಹುದು. ನಿಜ, ಹೆಚ್ಚಿನ ಮನೆಗಳು ಬಳಸಲ್ಲ. ಆದರೆ ಎಲ್ಲರಿಗೂ 3300 ಸಿಗಲ್ಲ. 1000 ಜಿಬಿಗೆ ಕತ್ತರಿ ಹಾಕೋ ಪ್ಲಾನ್‌ಗಳೂ ಇವೆ. ನಮ್ಮ ಅಪಾರ್ಟ್‌ಮೆಂಟಿನ ಒಂದು ಮನೆಯಲ್ಲಿ ಇದೇ ಆಯ್ತು. 20ನೇ ತಾರೀಖಿಗೆ 1000 ಜಿಬಿ ಖಾಲಿ. ವೇಗ ಬಿತ್ತು, ಆಫೀಸ್ ಕೆಲಸ ನಿಂತಿತು. ಅಪ್ಪ ಅಮ್ಮ ಮೊದಲು ಅನುಮಾನಪಟ್ಟಿದ್ದು ಯಾರನ್ನ? ಎಸ್ಸೆಸ್ಸೆಲ್ಸಿ ಓದ್ತಿರೋ ಮಗಳನ್ನ. ಫೋನ್ ಕಿತ್ಕೊಂಡ್ರು. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನನ್ನನ್ನ ಕರೆದರು. ರೌಟರ್‌ನ ಪುಟ ತೆರೆದು, ಯಾವ ಸಾಧನ ಎಷ್ಟು ಬಳಸಿದೆ ಅಂತ ನೋಡಿದೆ. ಮಗಳ ಫೋನ್ 30 ಜಿಬಿ ಕೂಡ ದಾಟಿರಲಿಲ್ಲ. ಕಳ್ಳ ಇದ್ದಿದ್ದು ಬಾಗಿಲ ಮೇಲೆ! ಕಳ್ಳರನ್ನ ಹಿಡಿಯೋಕೆ ಅಂತ ಹಾಕಿಸಿದ್ದ ಎರಡು ಕ್ಯಾಮೆರಾ. ಒಂದೊಂದೂ 2 ಎಂಬಿಪಿಎಸ್‌ನಲ್ಲಿ ಹಗಲು ರಾತ್ರಿ ಖಾಲಿ ಕಾರಿಡಾರಿನ ವಿಡಿಯೋ ಕ್ಲೌಡ್‌ಗೆ ಕಳಿಸ್ತಿತ್ತು. ದಿನಕ್ಕೆ ಒಂದು ಕ್ಯಾಮೆರಾದಿಂದ 21.6 ಜಿಬಿ. ಎರಡು ಸೇರಿ ಇಪ್ಪತ್ತು ದಿನಕ್ಕೆ 864 ಜಿಬಿ. ಡೌನ್‌ಲೋಡ್ ಮಾತ್ರ ಲೆಕ್ಕ ಅಂದ್ಕೊಂಡಿರೋರೇ ಹೆಚ್ಚು. ಅಪ್‌ಲೋಡ್ ಕೂಡ ಲೆಕ್ಕಕ್ಕೆ ಬರುತ್ತೆ.

ನಿಮ್ಮ ಮನೆಯಲ್ಲೂ ಇಂಥವರಿರಬಹುದು. ಟಿವಿ ಆಫ್ ಮಾಡ್ತೀರಿ, ಅದಕ್ಕೆ ಚುಚ್ಚಿರೋ ಸ್ಟಿಕ್ ಒಳಗೊಳಗೇ ಸಿನಿಮಾ ಓಡಿಸ್ತಾನೇ ಇರುತ್ತೆ. 4ಕೆ ವಿಡಿಯೋ ಆದ್ರೆ ಗಂಟೆಗೆ 7 ಜಿಬಿ ತನಕ ಹೋಗುತ್ತೆ. ಫೋನ್‌ಗಳ ಫೋಟೋ ಬ್ಯಾಕಪ್, ಗೇಮ್ ಅಪ್‌ಡೇಟ್, ಎಲ್ಲಕ್ಕೂ ಹೊಟ್ಟೆ ದೊಡ್ಡದು. ಕ್ಯಾಮೆರಾವನ್ನ ಯಾರಾದ್ರೂ ಓಡಾಡಿದಾಗ ಮಾತ್ರ ರೆಕಾರ್ಡ್ ಆಗೋ ಹಾಗೆ ಇಡಿ, ಇಲ್ಲ ಮೆಮೊರಿ ಕಾರ್ಡ್‌ಗೆ ಉಳಿಸಿ. ಮಕ್ಕಳನ್ನ ಬೈಯೋ ಮೊದಲು ರೌಟರ್ ನೋಡಿ.

ಇದು ನಮ್ಮ ಪಾಲಿನ ಕೆಲಸ. ಕಂಪನಿಗಳ ಪಾಲಿನದು? 2016ರಲ್ಲೇ ಟ್ರಾಯ್ ನಿರ್ದೇಶನ ಕೊಟ್ಟಿದೆ. ಬಳಕೆ ಶೇಕಡ 50, 90 ಮತ್ತು 100 ಮುಟ್ಟಿದಾಗ ಗ್ರಾಹಕರಿಗೆ ತಿಳಿಸಬೇಕು. ಮಿತಿ ಮುಗಿದ ಮೇಲೂ ವೇಗ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು. ಆ ಮನೆಗೆ 50ಕ್ಕೂ ಸಂದೇಶ ಬರಲಿಲ್ಲ, 90ಕ್ಕೂ ಬರಲಿಲ್ಲ. ಹತ್ತನೇ ತಾರೀಖಿಗೇ ಅರ್ಧ ಮುಗೀತು ಅಂತ ಒಂದು ಎಸ್ಸೆಮ್ಮೆಸ್ ಬಂದಿದ್ರೆ ಆ ಹುಡುಗಿ ಕಣ್ಣೀರು ಹಾಕ್ತಿರಲಿಲ್ಲ.

ಇನ್ನೊಂದು ತಮಾಷೆ ಕೇಳಿ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಹೇಳಿತು, ಕನಿಷ್ಠ 2 ಎಂಬಿಪಿಎಸ್ ಇದ್ದರೆ ಮಾತ್ರ ಅದು ಬ್ರಾಡ್‌ಬ್ಯಾಂಡ್ ಅಂತ. ಹಾಗಾದ್ರೆ ಮಿತಿ ಮುಗಿದ ಮೇಲೆ 512 ಕೆಬಿಪಿಎಸ್ ಕೊಟ್ಟರೆ ಅದಕ್ಕೇನಂತ ಹೆಸರು? ಬ್ರಾಡ್‌ಬ್ಯಾಂಡ್ ಬಿಲ್ ಪೂರ್ತಿ ವಸೂಲಿ, ಕೊಡೋದು ಮಾತ್ರ ಬ್ರಾಡ್‌ಬ್ಯಾಂಡೇ ಅಲ್ಲದ ಲೈನ್!

ನೆಟ್‌ವರ್ಕ್ ಮೇಲೆ ಹೊರೆ ಬೀಳುತ್ತೆ, ಅದಕ್ಕೇ ಮಿತಿ ಅನ್ನೋದು ಕಂಪನಿಗಳ ವಾದ. ಹೊರೆ ಬೀಳೋದು ಸಂಜೆ ಎಲ್ಲರೂ ಒಟ್ಟಿಗೆ ಕೂತಾಗ. ನಡುರಾತ್ರಿ ಮೂರು ಗಂಟೆಗೆ ಬಳಸಿದ ಜಿಬಿಗೂ ಅದೇ ಲೆಕ್ಕ ಯಾಕೆ? ಅಮೆರಿಕದಲ್ಲಿ 2020ರ ಮಾರ್ಚ್‌ನಲ್ಲಿ, ಇಡೀ ದೇಶ ಮನೆಯಲ್ಲಿ ಕೂತಿದ್ದಾಗಲೇ ಕಾಮ್‌ಕಾಸ್ಟ್ ಕಂಪನಿ ಡೇಟಾ ಮಿತಿಯನ್ನ ತಾತ್ಕಾಲಿಕವಾಗಿ ತೆಗೆದುಹಾಕಿತು. ನೆಟ್‌ವರ್ಕ್ ಕುಸಿದು ಬೀಳಲಿಲ್ಲ.

ಆಟೋ ಮೀಟರ್‌ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತೆ. ಪೆಟ್ರೋಲ್ ಬಂಕ್‌ನಲ್ಲಿ ಸೊನ್ನೆ ನೋಡಿಯೇ ಹಾಕಿಸ್ತೀವಿ. ಡೇಟಾಕ್ಕೆ? ಅಳೆಯೋರೂ ಅವರೇ, ಮಾರೋರೂ ಅವರೇ, ಮುಗೀತು ಅನ್ನೋರೂ ಅವರೇ. ಅನುಮಾನ ಬಂದ್ರೆ ದೂರು ಕೊಡಿ, ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ರೆ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಲೇಬೇಕು, ಅಲ್ಲಿಗೆ ಹೋಗಿ.

ಮಿತಿ ಇಡಬೇಡಿ ಅಂತ ನಾನು ಹೇಳ್ತಿಲ್ಲ. ಮಿತಿ ಇಟ್ಟ ಮೇಲೆ ಅದನ್ನ ದೊಡ್ಡ ಅಕ್ಷರದಲ್ಲಿ ಬರೀರಿ. ಅನ್‌ಲಿಮಿಟೆಡ್ ಅನ್ನೋ ಪದವನ್ನ ದಯವಿಟ್ಟು ಬೋರ್ಡಿನಿಂದ ಇಳಿಸಿ. ಕಷ್ಟಪಟ್ಟು ದುಡಿದು ಬಿಲ್ ಕಟ್ಟೋ ಜನಕ್ಕೆ ಕೊಡಬೇಕಾದ ಕನಿಷ್ಠ ಮರ್ಯಾದೆ ಅದು.