ಯಂತ್ರೋಪಕರಣಗಳು ಮತ್ತು ಹುಬ್ಬಳ್ಳಿ-ಧಾರವಾಡದ ತಯಾರಿಕಾ ಉದ್ಯಮ

ಲೋಹವನ್ನು ಕತ್ತರಿಸಿ, ಕೊರೆದು ಅಥವಾ ಉಜ್ಜಿ ಬೇಕಾದ ಆಕಾರಕ್ಕೂ ಅಳತೆಗೂ ತರುವ ಶಕ್ತಿಚಾಲಿತ ಯಂತ್ರವೇ ಯಂತ್ರೋಪಕರಣ. ಲೇತ್, ಡ್ರಿಲ್ಲಿಂಗ್, ಶೇಪಿಂಗ್, ಮಿಲ್ಲಿಂಗ್, ಬೋರಿಂಗ್, ಗ್ರೈಂಡಿಂಗ್ ಯಂತ್ರಗಳೆಲ್ಲ ಈ ಕುಲಕ್ಕೆ ಸೇರಿದವು. ಉಳಿದ ಯಂತ್ರಗಳು ನೂಲು ತೆಗೆಯುತ್ತವೆ, ಕಬ್ಬು ಅರೆಯುತ್ತವೆ, ಬಾವಿಯ ನೀರೆತ್ತುತ್ತವೆ. ಆ ಯಂತ್ರಗಳ ಭಾಗಗಳನ್ನು ಮಾಡಿಕೊಡುವುದು ಯಂತ್ರೋಪಕರಣ. ತನ್ನಂಥದೇ ಇನ್ನೊಂದು ಯಂತ್ರದ ಭಾಗಗಳನ್ನೂ ಅದು ಮಾಡಬಲ್ಲದು. ತಾಯಿಯಂತ್ರ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದಿಲ್ಲ.

ಅರ ಹಿಡಿದು ಉಜ್ಜುವ ಕೆಲಸದಲ್ಲಿ ಅಳತೆಯ ನಿಖರತೆ ಕೆಲಸಗಾರನ ಕೈಯಲ್ಲಿರುತ್ತದೆ. ಯಂತ್ರೋಪಕರಣದಲ್ಲಿ ಅದು ಯಂತ್ರದ ಮೈಯಲ್ಲೇ ಇರುತ್ತದೆ. ಟೂಲು ಸಾಗುವ ಬೆಡ್ ನೆಟ್ಟಗಿದ್ದರೆ ಜಾಬು ನೆಟ್ಟಗೆ ಬರುತ್ತದೆ, ಸ್ಪಿಂಡಲ್ ಅಲುಗದೆ ತಿರುಗಿದರೆ ಜಾಬು ದುಂಡಗೆ ಬರುತ್ತದೆ. ಲೇತಿನಲ್ಲಿ ಥ್ರೆಡ್ ಹಾಕುವ ಕೆಲಸ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಲೀಡ್ ಸ್ಕ್ರೂವಿನ ಪಿಚ್ 6 ಮಿ.ಮೀ. ಇದ್ದು, ಜಾಬಿನ ಮೇಲೆ 1.5 ಮಿ.ಮೀ. ಪಿಚ್ಚಿನ ಥ್ರೆಡ್ ಬೇಕಿದ್ದರೆ, ಸ್ಪಿಂಡಲ್ ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ ಲೀಡ್ ಸ್ಕ್ರೂ ಒಂದು ಸುತ್ತು ತಿರುಗುವಂತೆ ಗೇರುಗಳನ್ನು ಜೋಡಿಸಬೇಕು. ಗೇರಿನ ಲೆಕ್ಕ ಎಷ್ಟೇ ಸರಿಯಿರಲಿ, ಲೀಡ್ ಸ್ಕ್ರೂ ಸವೆದಿದ್ದರೆ ಆ ದೋಷ ಹೊಸ ಥ್ರೆಡ್ಡಿಗೆ ಇಳಿದೇ ಇಳಿಯುತ್ತದೆ.

ಯಂತ್ರೋಪಕರಣಗಳ ಇತಿಹಾಸವೆಂದರೆ ಈ ನಿಖರತೆಯನ್ನು ಗಳಿಸಿಕೊಂಡ ಇತಿಹಾಸವೇ. ಜೇಮ್ಸ್ ವಾಟ್‌ನ ಉಗಿಯಂತ್ರದ ಕಲ್ಪನೆ ಸರಿಯಿದ್ದರೂ ಉಗಿ ಸೋರದಂಥ ಸಿಲಿಂಡರ್ ಸಿಕ್ಕಿರಲಿಲ್ಲ. ಫಿರಂಗಿ ಕೊರೆಯುವ ಕೆಲಸದಲ್ಲಿ ಪಳಗಿದ್ದ ಜಾನ್ ವಿಲ್ಕಿನ್ಸನ್ 1775ರ ಸುಮಾರಿಗೆ ತನ್ನ ಬೋರಿಂಗ್ ಯಂತ್ರದಲ್ಲಿ ಅದನ್ನು ಕೊರೆದುಕೊಟ್ಟ ಮೇಲೆಯೇ ಉಗಿಯಂತ್ರ ಮಾರುಕಟ್ಟೆಗೆ ಬಂದದ್ದು. 1800ರ ಆಸುಪಾಸಿನಲ್ಲಿ ಹೆನ್ರಿ ಮಾಡ್‌ಸ್ಲೇ ಥ್ರೆಡ್ ಹಾಕುವ ಲೇತನ್ನು ಪೂರ್ತಿ ಲೋಹದಲ್ಲಿ ಕಟ್ಟಿದ. ಅವನ ಕಾರ್ಖಾನೆಯಲ್ಲಿ ದುಡಿದ ಜೋಸೆಫ್ ವಿಟ್‌ವರ್ಥ್ 1841ರಲ್ಲಿ ಸ್ಕ್ರೂ ಥ್ರೆಡ್ಡಿಗೆ ಒಂದು ಪ್ರಮಾಣ ಗೊತ್ತುಮಾಡುವಂತೆ ಸೂಚಿಸಿದ. ಒಂದೂರಿನ ಬೋಲ್ಟಿಗೆ ಇನ್ನೊಂದೂರಿನ ನಟ್ ಕೂರುವುದು ಇಂದು ಯಾರ ಗಮನಕ್ಕೂ ಬಾರದ ಸಂಗತಿ. ಆದರೆ ರಿಪೇರಿ ಮತ್ತು ಬಿಡಿಭಾಗಗಳ ವ್ಯಾಪಾರವೆಲ್ಲ ನಿಂತಿರುವುದು ಅದರ ಮೇಲೆಯೇ.

ಹುಬ್ಬಳ್ಳಿಯಲ್ಲಿ ಈ ಯಂತ್ರಗಳು ನೆಲೆ ಕಂಡದ್ದು ರೈಲ್ವೆಯ ಮೂಲಕ. ಸದರ್ನ್ ಮರಾಠಾ ರೈಲ್ವೆ 1885ರಲ್ಲಿ ಇಲ್ಲಿ ವರ್ಕ್‌ಶಾಪ್ ತೆರೆಯಿತು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಯಿರುವ ಈ ನಗರದಲ್ಲಿ ಅದು ಇಂದಿಗೂ ದುಡಿಯುತ್ತಿದೆ. ಬೋಗಿಗಳ ದುರಸ್ತಿಯಲ್ಲಿ ಯಂತ್ರೋಪಕರಣದ ಪಾತ್ರವೇನೆಂಬುದನ್ನು ಚಕ್ರದ ಲೇತಿನಷ್ಟು ಚೆನ್ನಾಗಿ ಬೇರಾವುದೂ ತೋರಿಸದು. ಬ್ರಾಡ್‌ಗೇಜ್ ಬೋಗಿಯ ಹೊಸ ಚಕ್ರದ ವ್ಯಾಸ 915 ಮಿ.ಮೀ. ಓಡಾಟದಲ್ಲಿ ಹಳಿಯ ಮೇಲೆ ಕೂರುವ ಮುಖ ಸವೆದು ತಗ್ಗು ಬೀಳುತ್ತದೆ, ಚಕ್ರವನ್ನು ಹಳಿಯೊಳಗೆ ಹಿಡಿದಿಡುವ ಫ್ಲೇಂಜ್ ತೆಳುವಾಗುತ್ತದೆ. ಆಗ ಅಚ್ಚಿನ ಸಮೇತ ಎರಡೂ ಚಕ್ರಗಳನ್ನು ಲೇತಿಗೇರಿಸಿ, ಎರಡು ಟೂಲುಗಳಿಂದ ಒಟ್ಟಿಗೇ ಕೆತ್ತಿ, ಮೊದಲಿನ ಪ್ರೊಫೈಲಿಗೆ ತರಬೇಕು. ಒಂದೇ ಅಚ್ಚಿನ ಮೇಲಿನ ಎರಡು ಚಕ್ರಗಳ ವ್ಯಾಸದಲ್ಲಿ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಉಳಿಯುವಂತಿಲ್ಲ. ಉಳಿದರೆ ಜೋಡಿ ಒಂದು ಬದಿಗೆ ವಾಲಿ ಓಡುತ್ತದೆ, ಆ ಬದಿಯ ಫ್ಲೇಂಜ್ ಹಳಿಗೆ ಉಜ್ಜಿ ಬಹುಬೇಗ ಸವೆಯುತ್ತದೆ. ಕೆತ್ತಿದಷ್ಟೂ ಚಕ್ರದ ಆಯುಸ್ಸು ಕಡಿಮೆಯಾಗುವುದರಿಂದ ಎಷ್ಟು ಕೆತ್ತಬೇಕು ಎಂಬ ತೀರ್ಮಾನಕ್ಕೆ ಕೆತ್ತುವ ಕೆಲಸದಷ್ಟೇ ಬೆಲೆಯಿದೆ.

ಸ್ವಾತಂತ್ರ್ಯಾನಂತರ ಗೋಕುಲ ರಸ್ತೆ, ತಾರಿಹಾಳ, ರಾಯಾಪುರ, ಬೇಲೂರುಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ಕೆಲಸದ ಬಗೆಯೂ ಹರಡಿಕೊಂಡಿತು. ವಿದ್ಯುತ್ ಮೋಟಾರಿನ ಶಾಫ್ಟನ್ನು ಗ್ರೈಂಡಿಂಗ್ ಮಾಡಬೇಕು, ರೋಟರು ಸ್ಟೇಟರಿಗೆ ತಾಗದೆ ಮಿಲಿಮೀಟರಿನ ಒಂದಂಶದ ಸಂದಿಯಲ್ಲಿ ತಿರುಗುವಂತೆ ಅದನ್ನು ಲೇತಿನಲ್ಲಿ ಕೆತ್ತಬೇಕು. ಧಾರವಾಡದಲ್ಲಿ ತಯಾರಾಗುವ ಮಣ್ಣು ಅಗೆಯುವ ಯಂತ್ರಗಳದು ಬೇರೆಯೇ ಬಗೆ. ಅವುಗಳ ಉದ್ದನೆಯ ಬೂಮನ್ನು ದಪ್ಪ ಹಾಳೆಗಳಿಂದ ವೆಲ್ಡ್ ಮಾಡುತ್ತಾರೆ. ವೆಲ್ಡಿಂಗಿನ ಶಾಖಕ್ಕೆ ಹಾಳೆ ಎಳೆದುಕೊಳ್ಳುವುದರಿಂದ ಪಿನ್ನು ಕೂರುವ ತೂತುಗಳನ್ನು ವೆಲ್ಡಿಂಗ್ ಮುಗಿದ ಮೇಲೆ, ಜಾಬನ್ನು ಕದಲಿಸದೆ, ಬೋರಿಂಗ್ ಯಂತ್ರದಲ್ಲಿ ಒಂದೇ ಸಾಲಿಗೆ ಕೊರೆಯಬೇಕಾಗುತ್ತದೆ.

ಆದರೆ ಹುಬ್ಬಳ್ಳಿಯ ಎಂಜಿನಿಯರಿಂಗ್ ಉದ್ಯಮಕ್ಕೆ ಹೆಸರು ತಂದದ್ದು ಮುಖ್ಯವಾಗಿ ವಾಲ್ವ್‌ಗಳು. ಬಿಡಿಕೆ, ಮೈಕ್ರೋಫಿನಿಶ್‌ನಂಥ ಸಂಸ್ಥೆಗಳು ತೈಲ ಶುದ್ಧೀಕರಣ, ರಸಾಯನ, ವಿದ್ಯುತ್ ಸ್ಥಾವರಗಳಿಗೆ ಬೇಕಾದ ವಾಲ್ವ್‌ಗಳನ್ನು ಇಲ್ಲಿ ತಯಾರಿಸಿವೆ. ವಾಲ್ವ್ ಸರಳವಾಗಿ ಕಾಣುವ ವಸ್ತು: ತೆರೆದಾಗ ಹರಿಯಬಿಡಬೇಕು, ಮುಚ್ಚಿದಾಗ ತಡೆಯಬೇಕು. ಅದರ ಒಳಗಿನ ಯಂತ್ರಕೆಲಸ ಅಷ್ಟು ಸರಳವಲ್ಲ.

ಫೌಂಡ್ರಿಯಿಂದ ಬಂದ ಉಕ್ಕಿನ ಎರಕದ ಬಾಡಿಯ ಮೇಲೆ ಮರಳು ಅಂಟಿದ ಗಡಸು ಪದರವಿರುತ್ತದೆ. ಅನುಭವಿ ಟರ್ನರ್ ಮೊದಲ ಕಟ್‌ನಲ್ಲೇ ಟೂಲನ್ನು ಆ ಪದರದ ಕೆಳಗಿಳಿಸುತ್ತಾನೆ. ಮೇಲೆ ಮೇಲೆ ಸವರುತ್ತ ಹೋದರೆ ಟೂಲಿನ ಮೊನೆ ಮರಳಿಗೆ ಸಿಕ್ಕು ಮೊಂಡಾಗುತ್ತದೆ. ಬಾಡಿಯ ಎರಡು ತುದಿಯ ಫ್ಲೇಂಜುಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು, ಮೇಲಿನ ಬಾನೆಟ್ ಫ್ಲೇಂಜು ಅವುಗಳಿಗೆ ಲಂಬವಾಗಿರಬೇಕು. ಹಾಗಾಗಿ ಜಾಬನ್ನು ಹಿಡಿಯುವ ಫಿಕ್ಸ್‌ಚರ್ ಇಲ್ಲಿ ಯಂತ್ರದಷ್ಟೇ ಮುಖ್ಯ. ಗ್ಯಾಸ್ಕೆಟ್ ಕೂರುವ ಮುಖದ್ದು ಇನ್ನೊಂದು ಸೂಕ್ಷ್ಮ. ಅದು ಕನ್ನಡಿಯಂತೆ ನುಣುಪಾಗಿರಬೇಕೆಂದು ಹೊಸಬರು ತಿಳಿಯುತ್ತಾರೆ. ನಿಜದಲ್ಲಿ ಅಲ್ಲಿ ಸಣ್ಣ ಗೆರೆಗಳ ಸುರುಳಿ ಬೇಕು. ಎಎಸ್‌ಎಂಇ ಬಿ16.5 ಪ್ರಮಾಣ ಈ ಮುಖಕ್ಕೆ ಹೇಳುವ ಒರಟುತನ ಸರಾಸರಿ 3.2ರಿಂದ 6.3 ಮೈಕ್ರಾನ್. ಟೂಲಿನ ಮೂತಿಯ ದುಂಡು ಮತ್ತು ಫೀಡ್ ಎರಡನ್ನೂ ಹೊಂದಿಸಿಕೊಂಡರೆ ಮಾತ್ರ ಆ ಗೆರೆಗಳು ಸರಿಯಾಗಿ ಮೂಡುತ್ತವೆ, ಬೋಲ್ಟು ಬಿಗಿದಾಗ ಗ್ಯಾಸ್ಕೆಟ್ ಅವುಗಳೊಳಗೆ ಕಚ್ಚಿಕೊಂಡು ಕೂರುತ್ತದೆ.

ಗೇಟ್ ವಾಲ್ವಿನ ಸೀಟು ಮತ್ತು ಅದರ ಮೇಲೆ ಕೂರುವ ವೆಜ್ ಮಾತ್ರ ಇದಕ್ಕೆ ತದ್ವಿರುದ್ಧ. ಇವೆರಡನ್ನೂ ಗ್ರೈಂಡಿಂಗ್ ಮಾಡಿ, ಪೇಸ್ಟ್ ಹಚ್ಚಿ ಲ್ಯಾಪಿಂಗ್ ಮಾಡುತ್ತಾರೆ. ಒಂದಕ್ಕೆ ನೀಲಿ ಬಣ್ಣವನ್ನು ತೆಳುವಾಗಿ ಸವರಿ ಇನ್ನೊಂದಕ್ಕೆ ಒತ್ತಿ ನೋಡುತ್ತಾರೆ. ಬಣ್ಣ ಉಂಗುರದ ಸುತ್ತ ಎಲ್ಲೂ ಕಡಿಯದೆ ಹತ್ತಿದ್ದರೆ ಮಾತ್ರ ಕೆಲಸ ಮುಗಿಯಿತೆಂದು ಅರ್ಥ. ಕೊನೆಗೆ ನೀರಿನ ಒತ್ತಡದ ಪರೀಕ್ಷೆ: ಬಾಡಿಗೆ ನಿಗದಿತ ಒತ್ತಡದ ಒಂದೂವರೆ ಪಟ್ಟು, ಸೀಟಿಗೆ 1.1 ಪಟ್ಟು. ಹಿಂದಿನ ಯಂತ್ರಗಳಲ್ಲಿ ನಡೆದ ಸಣ್ಣ ತಪ್ಪು ಕೂಡ ಈ ಪರೀಕ್ಷೆಯಲ್ಲಿ ಹನಿಯಾಗಿ ಹೊರಬೀಳುತ್ತದೆ.

ಯಂತ್ರದ ವೇಗವನ್ನು ಕಾಲದಿಂದ ಕಾಲಕ್ಕೆ ಏರಿಸಿದ್ದು ಟೂಲಿನ ಲೋಹ. 50 ಮಿ.ಮೀ. ವ್ಯಾಸದ ಮೆದು ಉಕ್ಕಿನ ಸರಳನ್ನು ಹೈಸ್ಪೀಡ್ ಸ್ಟೀಲ್ ಟೂಲಿನಿಂದ ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಕೆತ್ತಬೇಕಾದರೆ ಸ್ಪಿಂಡಲ್ ನಿಮಿಷಕ್ಕೆ ಸುಮಾರು 190 ಸುತ್ತು ತಿರುಗಬೇಕು. ಕಾರ್ಬೈಡ್ ಇನ್ಸರ್ಟ್ ಹಾಕಿ ವೇಗವನ್ನು 150 ಮೀಟರಿಗೆ ಏರಿಸಿದರೆ ಅದೇ ಸರಳು 950ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಹಳೆಯ ಲೇತಿಗೆ ಇಷ್ಟು ವೇಗ ತಾಳುವ ಬಿಗಿತನವಿಲ್ಲದಿದ್ದರೆ ಒಳ್ಳೆಯ ಇನ್ಸರ್ಟಿಗೆ ಕೊಟ್ಟ ಹಣ ನೀರಿಗೆ ಹಾಕಿದಂತೆ.

ಅಂಕಿಗಳ ಮೂಲಕ ಯಂತ್ರ ನಡೆಸುವ ಪದ್ಧತಿಯನ್ನು ಅಮೆರಿಕದ ಎಂಐಟಿ 1952ರಲ್ಲಿ ಮಿಲ್ಲಿಂಗ್ ಯಂತ್ರವೊಂದರ ಮೇಲೆ ಮಾಡಿ ತೋರಿಸಿತು. ಅದರ ಮುಂದಿನ ರೂಪವೇ ಇಂದಿನ ಸಿಎನ್‌ಸಿ. ಬಾಲ್ ವಾಲ್ವಿನ ಗೋಳವನ್ನು ಸಾಧಾರಣ ಲೇತಿನಲ್ಲಿ ಕೆತ್ತಲು ಅದಕ್ಕೆಂದೇ ಮಾಡಿದ ಸಲಕರಣೆ ಬೇಕಿತ್ತು. ಸಿಎನ್‌ಸಿಯಲ್ಲಿ ತ್ರಿಜ್ಯವನ್ನು ತುಂಬಿದ ಒಂದು ಸಾಲಿನ ಪ್ರೋಗ್ರಾಂ ಸಾಕು. ನೂರನೆಯ ಜಾಬು ಮೊದಲನೆಯದರಂತೆಯೇ ಬರುತ್ತದೆ. ಹಾಗೆಂದು ಹಳೆಯ ಲೇತಿನ ಕಾಲ ಮುಗಿದಿಲ್ಲ. ಕಬ್ಬಿನ ಗಾಣದ ಮುರಿದ ಶಾಫ್ಟು, ಟ್ರ್ಯಾಕ್ಟರಿನ ಸವೆದ ಬುಶ್, ಕೊಳವೆಬಾವಿಯ ಪಂಪಿನ ಕಪ್ಲಿಂಗ್ ಇವೆಲ್ಲ ಒಂದೊಂದೇ ಬರುವ ಕೆಲಸಗಳು. ಇವುಗಳಿಗೆ ಪ್ರೋಗ್ರಾಂ ಬರೆಯುತ್ತ ಕೂರುವುದಕ್ಕಿಂತ ನುರಿತ ಟರ್ನರ್ ಬೇಗ ಮುಗಿಸುತ್ತಾನೆ. ಸಾಲಾಗಿ ಒಂದೇ ಬಗೆಯ ಜಾಬು ಇಲ್ಲದೆ, ಸಾಲ ಮಾಡಿ ಸಿಎನ್‌ಸಿ ತಂದಿಟ್ಟ ಸಣ್ಣ ಶೆಡ್ಡಿಗೆ ಕಂತೇ ಹೊರೆಯಾಗುತ್ತದೆ.

ಯಂತ್ರೋಪಕರಣ ಕಟ್ಟುವ ವಿದ್ಯೆಯೂ ಈ ಸೀಮೆಗೆ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳವರೆಗೆ ಬೆಳೆದ ಆ ಉದ್ಯಮ 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಯಿತು. ಅದೇ ಮನೆತನ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪಿಸಿ ಲೇತ್ ತಯಾರಿಕೆಗಿಳಿಯಿತು. ಅಲ್ಲಿನ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳ ಮೇಲೆ ಕೆಲಸ ಕಲಿತ ಟರ್ನರುಗಳ ತಲೆಮಾರುಗಳೇ ಇವೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಹಯೋಗದಿಂದ ಎಚ್‌ಎಂಟಿ, 1962ರಲ್ಲಿ ಜೆಕೊಸ್ಲೊವಾಕಿಯಾದ ನೆರವಿನಿಂದ ಇಂದು ಸಿಎಂಟಿಐ ಎನ್ನುವ ಸಂಶೋಧನ ಸಂಸ್ಥೆ ಬಂದವು. ಯಂತ್ರೋಪಕರಣ ತಯಾರಿಕೆಯಲ್ಲಿ ಬೆಂಗಳೂರು ದೇಶದ ಮುಂಚೂಣಿಗೆ ಬಂದದ್ದು ಹೀಗೆ. ಹರಿಹರದ ಕಾರ್ಖಾನೆ ಮಾತ್ರ ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಹಾಕಿತು. ಅದರೊಂದಿಗೆ ಬೆಡ್ಡನ್ನು ಕೈಯಿಂದ ಸ್ಕ್ರೇಪಿಂಗ್ ಮಾಡಿ ಸಮ ಮಾಡಬಲ್ಲ ಫಿಟ್ಟರುಗಳ ದೊಡ್ಡ ಬಳಗವೂ ಚದುರಿಹೋದದ್ದು ಉತ್ತರ ಕರ್ನಾಟಕಕ್ಕೆ ಆದ ನಿಜವಾದ ನಷ್ಟ.

ಏಕೆಂದರೆ ಎಲ್ಲ ಯಂತ್ರಗಳೂ ಸವೆಯುತ್ತವೆ. ಬಹುತೇಕ ಜಾಬುಗಳು ಗಿಡ್ಡವಾಗಿರುವುದರಿಂದ ಲೇತಿನ ಬೆಡ್ ಚಕ್ಕಿನ ಬಳಿ ಹೆಚ್ಚು ಸವೆದು, ಆಚೆ ತುದಿಯಲ್ಲಿ ಹಾಗೆಯೇ ಉಳಿಯುತ್ತದೆ. ಆ ಮೇಲೆ ಉದ್ದನೆಯ ಶಾಫ್ಟನ್ನು ಹಾಕಿದರೆ ಅದರ ವ್ಯಾಸ ಒಂದೇ ಸಮ ಬರುವುದಿಲ್ಲ. ಟೂಲು ಬದಲಿಸಿದರೂ ಆಪರೇಟರನನ್ನು ಬದಲಿಸಿದರೂ ಇದು ಸರಿಹೋಗದು. ಯಂತ್ರ ಎಷ್ಟು ತಪ್ಪಿದೆ ಎಂದು ಅಳೆಯಲು ಜರ್ಮನಿಯ ಗಿಯೋರ್ಗ್ ಶ್ಲೆಸಿಂಗರ್ 1920ರ ದಶಕದಲ್ಲೇ ಪರೀಕ್ಷಾ ಪಟ್ಟಿಗಳನ್ನು ರೂಪಿಸಿದ್ದ. ಟೆಸ್ಟ್ ಬಾರ್, ಡಯಲ್ ಗೇಜ್, ಸ್ಪಿರಿಟ್ ಲೆವೆಲ್ ಇದ್ದರೆ ಅವುಗಳಲ್ಲಿ ಹೆಚ್ಚಿನವನ್ನು ಸಣ್ಣ ಶೆಡ್ಡಿನಲ್ಲೂ ಮಾಡಬಹುದು.

ಬಿಸಿಲಿನದು ಇನ್ನೊಂದು ಲೆಕ್ಕ. ಅಳತೆಗೆ ಜಗತ್ತು ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ 35 ಡಿಗ್ರಿಯಿದ್ದರೆ 200 ಮಿ.ಮೀ. ಉಕ್ಕಿನ ಭಾಗ ಸುಮಾರು 35 ಮೈಕ್ರಾನ್ ಹಿಗ್ಗಿರುತ್ತದೆ. ಆ ಅಳತೆಯ ಬೋರಿಗೆ ಎಚ್7 ದರ್ಜೆ ಕೊಡುವ ಸಡಿಲಿಕೆ ಒಟ್ಟು 46 ಮೈಕ್ರಾನ್ ಮಾತ್ರ. ಎಸಿ ಕೋಣೆಯಿಂದ ತಂದ ಗೇಜನ್ನು ತಕ್ಷಣ ಬಿಸಿ ಜಾಬಿಗಿಟ್ಟು ನೋಡಿದರೆ ಸಡಿಲಿಕೆಯ ಮುಕ್ಕಾಲು ಪಾಲು ಅಲ್ಲೇ ಕರಗಿಹೋಗುತ್ತದೆ. ಜಾಬು, ಗೇಜು ಎರಡನ್ನೂ ಒಂದೇ ಸರ್ಫೇಸ್ ಪ್ಲೇಟಿನ ಮೇಲೆ ಸಾಕಷ್ಟು ಹೊತ್ತು ಬಿಟ್ಟು, ಎರಡೂ ಒಂದೇ ಉಷ್ಣತೆಗೆ ಬಂದ ಮೇಲೆ ಅಳೆಯುವುದು ಖರ್ಚಿಲ್ಲದ ಪರಿಹಾರ.

ಈ ಉದ್ಯಮಕ್ಕೆ ಬೇಕಾದ ಆಸರೆ ಅವಳಿ ನಗರದ ಸುತ್ತ ಇಲ್ಲವೆಂದಲ್ಲ. ಎರಕಕ್ಕೆ ಬೆಳಗಾವಿಯ ಫೌಂಡ್ರಿಗಳಿವೆ. 1947ರಲ್ಲಿ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿದ ಸಂಸ್ಥೆ ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಧಾರವಾಡದಲ್ಲಿ ಎಸ್‌ಡಿಎಂ ಕಾಲೇಜೂ 2016ರಿಂದ ಐಐಟಿಯೂ ಇವೆ. ಟೂಲ್ ಮತ್ತು ಡೈ ಕೆಲಸ ಕಲಿಸುವ ಜಿಟಿಟಿಸಿ ಹುಬ್ಬಳ್ಳಿಯಲ್ಲಿದೆ. ಹೊಸ ಯಂತ್ರ ಕೊಳ್ಳುವುದಕ್ಕೆ ಸಾಲ, ಸಬ್ಸಿಡಿಗಳ ಮಾತು ಆಗಾಗ ನಡೆಯುತ್ತದೆ. ಇರುವ ಯಂತ್ರದ ನಿಖರತೆಯನ್ನು ಕಾಯುವ ಮಾತು ಅಷ್ಟಾಗಿ ನಡೆಯುವುದಿಲ್ಲ. ಈ ವಿಚಾರ ಸಂಕಿರಣದಲ್ಲಿ ಸೇರಿರುವ ಅಧ್ಯಾಪಕರೂ ಉದ್ಯಮಿಗಳೂ ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳಬೇಕು. ಗೋಕುಲ ರಸ್ತೆಯ ಸಣ್ಣ ಶೆಡ್ಡಿಗೂ ಕೈಗೆಟಕುವ ಶುಲ್ಕದಲ್ಲಿ ಗೇಜು ಮತ್ತು ಯಂತ್ರಗಳನ್ನು ಪರೀಕ್ಷಿಸಿಕೊಡುವ, ಉಷ್ಣತೆ ನಿಯಂತ್ರಿಸಿದ ಸಾಮಾನ್ಯ ಅಳತೆ ಕೇಂದ್ರವೊಂದು ಬೇಕು. ಹಳೆಯ ಲೇತು, ಮಿಲ್ಲಿಂಗ್ ಯಂತ್ರಗಳನ್ನು ಬಿಚ್ಚಿ ಮತ್ತೆ ನಿಖರತೆಗೆ ತರುವುದನ್ನು ಪಠ್ಯದೊಳಗೆ ಕಲಿಸಬೇಕು. ಸ್ಕ್ರೇಪಿಂಗ್ ಬಲ್ಲ ಹಿರಿಯ ಫಿಟ್ಟರುಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಗೌರವಧನ ಕೊಟ್ಟು ಕರೆತಂದು, ಐಟಿಐ ಹುಡುಗರ ಪಕ್ಕದಲ್ಲಿ ನಿಲ್ಲಿಸಬೇಕು.