ದ್ರಾಕ್ಷಿಯ ಬೆಲೆ ಕುಸಿದಾಗ ಸಣ್ಣ ತೋಟದವರು ಏನು ಮಾಡಬೇಕು?

(ಬ್ಲಾಕಿನ ರೈತ ಶಿಬಿರದಲ್ಲಿ ಮಾಡಿದ ಭಾಷಣ)



ವೈನಿಗೆ ಹೋಗುವ ದ್ರಾಕ್ಷಿಯ ಬೆಲೆ ಬಿದ್ದರೆ ಎರಡು ಮೂರು ಎಕರೆಯ ಒಕ್ಕಲಿನ ಗತಿಯೇನು? ಇದೇ ಇಂದಿನ ಮಾತು. ಕುಡಿತವನ್ನು ಹೊಗಳಲು ನಾನು ನಿಂತಿಲ್ಲ. ಬೆಳೆದವನ ಬಾಳಿನ ವಿಚಾರ ಹೇಳಲು ನಿಂತಿದ್ದೇನೆ.

ದ್ರಾಕ್ಷಿಗೆ ಒಂದು ದೊಡ್ಡ ಕೊರತೆ ಉಂಟು. ಅದು ಕಾಯಲಾರದು. ರಾಗಿಯನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡಬಹುದು. ವಿಜಯಪುರದ ಕಡೆಯವರು ಹಣ್ಣನ್ನು ಒಣಗಿಸಿ, ಶೀತಗೃಹದಲ್ಲಿಟ್ಟು ಬೆಲೆಗೆ ಕಾಯುತ್ತಾರೆ. ರಸಕ್ಕೆಂದು ಬೆಳೆದ ಹಣ್ಣನ್ನಾದರೋ ಮಾಗಿದ ಕೆಲವೇ ದಿನಗಳಲ್ಲಿ ಕೊಯ್ದು, ಕೊಯ್ದ ಬೆನ್ನಲ್ಲೇ ಹಿಂಡಬೇಕು. ಕೊಳ್ಳುವವನು ಇದನ್ನು ಬಲ್ಲ. ಅವನು ಸುಮ್ಮನೆ ಕುಳಿತರೆ ಸಾಕು. ಹಣ್ಣು ಹೇರಿಕೊಂಡು ಬಂದವನೇ ಬೆಲೆ ಇಳಿಸುತ್ತಾನೆ.

ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಲಾಂಗ್ಡಾಕ್ ಎಂಬ ದ್ರಾಕ್ಷಿಯ ಸೀಮೆಯಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರಿನ ಕೀಟ ಅಲ್ಲಿನ ತೋಟಗಳನ್ನು ಹಾಳುಮಾಡಿತು. ಒಕ್ಕಲುಗಳು ಅಮೆರಿಕದ ಬೇರುಗಿಡಕ್ಕೆ ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿದರು, ಬಳ್ಳಿಯೊಂದನ್ನೇ ನಂಬಿದರು. ಇಳುವರಿ ಬಂತು, ಬೆಲೆ ಹೋಯಿತು. ಆಲ್ಜೀರಿಯದಿಂದಲೂ ವೈನು ಹಡಗಿನಲ್ಲಿ ಬರುತ್ತಿತ್ತು. ಸಕ್ಕರೆ ನೀರು ಬೆರೆಸಿ ಕಳ್ಳಸರಕು ಮಾಡುವವರೂ ಇದ್ದರು.

1907ರ ಮಾರ್ಚ್ 11ರಂದು ಆರ್ಜೆಲಿಯೆ ಹಳ್ಳಿಯ 87 ಮಂದಿ ನಾರ್ಬನ್ ಪಟ್ಟಣಕ್ಕೆ ಹೋಗಿ, ವಿಚಾರಣೆಗೆ ಬಂದಿದ್ದ ಸಂಸತ್ತಿನ ಸಮಿತಿಗೆ ಅಹವಾಲು ಒಪ್ಪಿಸಿದರು. ಅವರ ಮುಂದಾಳು ಮಾರ್ಸಲಾನ್ ಆಲ್ಬೇರ್, ಸಣ್ಣ ತೋಟವುಳ್ಳವನು, ಕಾಫಿ ಅಂಗಡಿಯವನು. ಜೂನ್ 9ರಂದು ಮಾಂಪೆಲಿಯೆ ನಗರದಲ್ಲಿ ಲಕ್ಷಗಟ್ಟಲೆ ಜನ ನೆರೆದರು. ಅದೇ ತಿಂಗಳು ನಾರ್ಬನ್ನಿನಲ್ಲಿ ಸೈನಿಕರ ಗುಂಡಿಗೆ ಪ್ರಾಣಗಳೂ ಹೋದವು. ಜೂನ್ 29ರಂದು ಕಾಯಿದೆ ಬಂತು: ಪ್ರತಿಯೊಬ್ಬ ಬೆಳೆಗಾರನೂ ತನ್ನ ಫಸಲಿನ ಲೆಕ್ಕ ಬರೆದುಕೊಡಬೇಕು. ಬೆಳೆದುದಕ್ಕಿಂತ ಹೆಚ್ಚು ಮಾರಿದವನು ಇದರಿಂದ ಸಿಕ್ಕಿಬೀಳುತ್ತಿದ್ದ.

ಆದರೆ ಬಾಳಿಕೆ ಬಂದ ಕೆಲಸ ಇನ್ನೊಂದು. ಮಾರೊಸಾನ್ ಹಳ್ಳಿಯ ಸಣ್ಣ ಬೆಳೆಗಾರರು 1901ರಲ್ಲೇ ಸಹಕಾರ ಸಂಘ ಕಟ್ಟಿ, ಪ್ಯಾರಿಸಿನ ಬಳಕೆದಾರರ ಸಂಘಗಳಿಗೆ ನೇರವಾಗಿ ಮಾರತೊಡಗಿದ್ದರು. 1905ರಲ್ಲಿ ಹಿಂಡುವ, ಶೇಖರಿಸುವ ಮನೆಯನ್ನೂ ಕಟ್ಟಿದರು. ಮುಂದೆ ಇಂಥ ಸಂಘಗಳು ಆ ಸೀಮೆಯ ಹಳ್ಳಿ ಹಳ್ಳಿಗೂ ಹಬ್ಬಿದವು. ಹಣ್ಣು ಕಾಯಲಾರದು, ಪೀಪಾಯಿಯಲ್ಲಿನ ರಸ ಕಾಯಬಲ್ಲದು. ಪೀಪಾಯಿ ಯಾರದೋ ಬೆಲೆಯ ಮಾತು ಅವರದು.

ಸಂಘವೊಂದೇ ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ಫ್ರಾನ್ಸಿನಲ್ಲಿ ಈಗ ಜನ ಹಿಂದಿನಷ್ಟು ವೈನು ಕುಡಿಯುತ್ತಿಲ್ಲ. 2024ರಲ್ಲಿ ಅಲ್ಲಿನ ಸರ್ಕಾರವೇ ಬಳ್ಳಿ ಕಿತ್ತು ಹಾಕುವವರಿಗೆ ಹೆಕ್ಟೇರಿಗೆ 4,000 ಯೂರೋ ಕೊಡಲು ಮುಂದಾಯಿತು. ಕೊಳ್ಳುವವರಿಲ್ಲದ ಮಾಲನ್ನು ಕೂಡಿಟ್ಟು ಫಲವಿಲ್ಲ.

ನಮ್ಮ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಸುತ್ತಿನ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅದು ತಿನ್ನಲೂ ಆಗುತ್ತದೆ, ರಸಕ್ಕೂ ವೈನಿಗೂ ಆಗುತ್ತದೆ. ಇದು ನಮಗಿರುವ ಅನುಕೂಲ. ಆದುದರಿಂದ ತಾವು ಈ ನಾಲ್ಕು ಮಾತುಗಳನ್ನು ನೆನಪಿಡಿರಿ.

ಒಂದು: ಬಳ್ಳಿ ನೆಡುವ ಮೊದಲು ಕೊಳ್ಳುವವನನ್ನು ಹುಡುಕಿರಿ. ದರ, ತೂಕ, ಹಣ ಕೊಡುವ ದಿನ, ಎಲ್ಲವೂ ಕಾಗದದ ಮೇಲಿರಲಿ. ನೆಟ್ಟ ಬಳ್ಳಿಯನ್ನು ರಾಗಿಯಂತೆ ಮರುವರ್ಷ ಬದಲಿಸಲಾಗದು.

ಎರಡು: ಹಣ್ಣಿನ ಸಕ್ಕರೆ ಅಂಶವನ್ನು ನೀವೇ ಅಳೆಯಿರಿ. ರಿಫ್ರಾಕ್ಟೋಮೀಟರ್ ಎಂಬ ಸಣ್ಣ ಸಾಧನವೊಂದು ಇಡೀ ಹಳ್ಳಿಗೆ ಸಾಕು. ಕೊಳ್ಳುವವನ ಅಳತೆಯನ್ನು ಸರಿಯೋ ತಪ್ಪೋ ಎಂದು ನೋಡಲು ನಿಮ್ಮದೂ ಒಂದು ಅಳತೆ ಬೇಕು.

ಮೂರು: ಊರಿನಲ್ಲಿ ಎಷ್ಟು ಎಕರೆ ಬಳ್ಳಿಯಿದೆ, ಎಷ್ಟು ಹಣ್ಣು ಬಂದೀತು ಎಂಬ ಲೆಕ್ಕವನ್ನು ಸಂಘದಲ್ಲಿ ಇಡಿರಿ. ಒಬ್ಬೊಬ್ಬರೇ ಹೋಗದೆ ಒಟ್ಟಾಗಿ ಮಾರಿರಿ. ಶೀತಗೃಹ, ರಸ ತೆಗೆಯುವ ಯಂತ್ರದ ಯೋಚನೆ ಆಮೇಲೆ ಬರಲಿ.

ನಾಲ್ಕು: ಇರುವ ನೆಲವನ್ನೆಲ್ಲ ಬಳ್ಳಿಗೇ ಕೊಡಬೇಡಿರಿ. ಮನೆಯ ಊಟಕ್ಕೆ ರಾಗಿ, ಅವರೆ ಇರಲಿ, ಕೊಟ್ಟಿಗೆಯಲ್ಲಿ ಹಸುವಿರಲಿ. ಮನೆಯಲ್ಲಿ ಕಾಳಿದ್ದವನು ಒಂದು ಕೆಟ್ಟ ವರ್ಷವನ್ನು ಸಾಲವಿಲ್ಲದೆ ದಾಟಬಲ್ಲ.

ಈ ಸಾರಿಯ ಚಾಟನಿಯ ಮುಂಚೆಯೇ ಕೂಡಿ ಕುಳಿತು ಮಾತಾಡಿರಿ. ಹಣ್ಣು ಮಾಗಿದ ಮೇಲೆ ಮಾತಿಗೆ ಹೊತ್ತಿರುವುದಿಲ್ಲ.